ಉಗುರಗಲ

ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನ ಫ್ಲೆಕ್ಸ್ ಅಂಗಡಿ.
ಹದಿನಾಲ್ಕು ವರ್ಷ ದೊಡ್ಡದನ್ನೇ ಮಾಡಿದವಳು:
ಇಪ್ಪತ್ತಡಿ ಹುಟ್ಟುಹಬ್ಬ, ಮೂವತ್ತಡಿ ಶ್ರದ್ಧಾಂಜಲಿ,
ಕೆಳಗೆ ಸಾಲಾಗಿ ನಲವತ್ತು ಮುಖ,
ಒಂದು ಬಿಟ್ಟುಹೋದರೂ ಸಂಜೆಗೆ ಜಗಳ.

ಹೊನ್ನೇಶ ಬಂದ. "ಅಕ್ಕ, ನಂಗೊಂದು ಚಿತ್ರ ಆಗ್ಬೇಕು."
ಎಷ್ಟಡಿ? ಅಂದೆ.
ಹೆಬ್ಬೆರಳು ಎತ್ತಿ ತೋರಿಸಿದ.
ಉಗುರು.

ಅವನದೊಂದು ಆಟ. ಫೋನಿನಲ್ಲಿ ಆಡುವುದು.
ಕಾರ್ಖಾನೆಯ ತೂಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ
ಮೂರು ವರ್ಷ ಕೂತು ಕಟ್ಟಿದ್ದು.
ಗಾಡಿಗೆ ಕಬ್ಬು ಪೇರಿಸಬೇಕು, ಅಷ್ಟೇ,
ಒಂದೊಂದೇ ಜಲ್ಲೆ, ಬೀಳದ ಹಾಗೆ.
ಬಿದ್ದರೆ ಎತ್ತು ಹಿಂದೆ ತಿರುಗಿ ನೋಡುತ್ತದೆ.
ಬೈಯುವುದಿಲ್ಲ. ನೋಡುತ್ತದೆ.
ಆ ನೋಟಕ್ಕೇ ನಾನು ಏಳು ಸಲ ಆಡಿದೆ,
ಒಲೆಯ ಮೇಲೆ ಹಾಲು ಉಕ್ಕಿತು.

ಮೊದಲ ಚಿತ್ರಕ್ಕೆ ಎಲ್ಲರನ್ನೂ ಕರೆದೆ:
ಗಾಡಿ, ಎತ್ತು, ಕಾರ್ಖಾನೆಯ ಚಿಮಣಿ,
ನಾಲೆ, ನಾಲೆಯಲ್ಲಿ ಬಾತುಕೋಳಿ, ಮುಳುಗುವ ಸೂರ್ಯ,
ಕುಡುಗೋಲು ಹಿಡಿದು ನಗುವ ಹುಡುಗಿ.
"ಆಟದಲ್ಲಿ ಹುಡುಗೀನೇ ಇಲ್ವಲ್ಲಕ್ಕ."
ಇರಲಿ ಬಿಡೋ, ಚೆಂದ ಕಾಣ್ತಾಳೆ.
"ಒಳಕ್ಕೆ ಬಂದೋರು ಹುಡುಕ್ತಾರೆ ಕಣಕ್ಕ," ಅಂದು ಸುಮ್ಮನಾದ.

ಉಗುರಿಗೆ ಇಳಿಸಿದೆವು.
ಉಳಿದದ್ದು ಪಲ್ಯದ ಕಲೆ.

ಅಕ್ಷರದ ಫಜೀತಿ ಬೇರೆ. ಹೆಸರು "ಇನ್ನೊಂದು ಜಲ್ಲೆ".
ನಮ್ಮ ಅಕ್ಷರಕ್ಕೆ ಕಾಲು ಚಾಚಲು ಜಾಗ ಬೇಕು;
ಅಷ್ಟು ಇಕ್ಕಟ್ಟಿನಲ್ಲಿ ಒತ್ತುಗಳೆಲ್ಲ
ಸಂತೆ ಬಸ್ಸಿನಲ್ಲಿ ಚಪ್ಪಲಿ ಕಳಕೊಂಡವರ ಹಾಗೆ.
ಜಲ್ಲೆ ಹೋಗಿ ಜಲೆ ಆಯಿತು.

ಎದುರಿಗೆ ಸಣ್ಣಮ್ಮನ ಪೆಟ್ಟಿ ಅಂಗಡಿ.
ಶಾಂಪೂ, ಕಾಫಿಪುಡಿ, ಉಪ್ಪಿನಕಾಯಿ ಪೊಟ್ಟಣ
ಜಡೆಜಡೆಯಾಗಿ ಇಳಿಬಿದ್ದಿವೆ, ಎಲ್ಲವೂ ಕೂಗುತ್ತ.
"ಫೋನೊಳಗಿನ ಅಂಗಡೀನೂ ಇದೇ ಅಕ್ಕ.
ಯಾರೂ ನಿಂತು ಓದಲ್ಲ. ಬಸ್ಸಿಗೆ ಹೊತ್ತಾಗಿರ್ತದೆ."

ಹಾಗಾದರೆ ಅಲ್ಲೇ ನೋಡೋಣ ಅಂತ
ಪ್ರಿಂಟು ತೆಗೆದು ಪೊಟ್ಟಣಗಳ ನಡುವೆ ಪಿನ್ನು ಚುಚ್ಚಿ
ರಸ್ತೆಯ ಈಚೆ ಬಂದು ನಿಂತೆವು.
ಕಾಣಲಿಲ್ಲ.
ಕೈಯಳತೆಯಲ್ಲಿ ಕೂತ ಸಣ್ಣಮ್ಮನೂ ತಡಕಿದಳು:
"ಯಾವ್ದವ್ವಾ ನಿಂದು?"

ಅವತ್ತು ರಾತ್ರಿ ಸೂರ್ಯನನ್ನು ಕಳಿಸಿದೆ.
ಬಾತುಕೋಳಿಗಳು ತಾವೇ ಹೋದವು.
ಹುಡುಗಿಗೆ ಬೇಜಾರಾಗಿರಬೇಕು, ನನಗಂತೂ ಆಯಿತು.
ಚಿಮಣಿ ಒಂದಿರಲಿ ಅಂತ ಹೊನ್ನೇಶ ಹಟ ಹಿಡಿದ,
ಬೆಳಗಿನ ಜಾವ ತಾನೇ ಅಳಿಸಿದ.
ಆಕಾಶ ನೀಲಿ ಬೇಡ, ಶಾಂಪೂಗಳೆಲ್ಲ ನೀಲಿ;
ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ನೊರೆ ಇರುತ್ತದಲ್ಲ,
ಆ ಬಣ್ಣ ಬಳಿದು ಸುಮ್ಮನೆ ಖಾಲಿ ಬಿಟ್ಟೆ.
ಖಾಲಿ ಬಿಡಲು ಕೈ ನಡುಗಿತು.
ಹದಿನಾಲ್ಕು ವರ್ಷದಲ್ಲಿ ಯಾರೂ
ಖಾಲಿಗೆ ದುಡ್ಡು ಕೊಟ್ಟಿರಲಿಲ್ಲ.

ಉಳಿದದ್ದು: ಹಿಂದೆ ತಿರುಗಿದ ಎತ್ತಿನ ಮುಖ,
ಅದರ ಬೆನ್ನಿಗೆ ವಾಲಿದ ಹೊರೆ,
ಗಾಳಿಯಲ್ಲಿ ಒಂದೇ ಒಂದು ಜಲ್ಲೆ,
ಬಿದ್ದಿಲ್ಲ ಇನ್ನೂ,
ಕೈ ಚಾಚಿದರೆ ಸಿಕ್ಕೀತು ಅನ್ನುವಷ್ಟು ದೂರದಲ್ಲಿ.

ಹೆಸರನ್ನೂ ಬದಲಿಸಿದೆವು: ವಾಲುಗಾಡಿ.
ಒತ್ತಿಲ್ಲ, ದೀರ್ಘವಿಲ್ಲ, ನಾಲ್ಕೇ ಅಕ್ಷರ.
ಹೊನ್ನೇಶ ಎರಡು ದಿನ ಮಾತು ಬಿಟ್ಟ.
ಕೊನೆಯ ಡಿಯ ಗುಡಿಸನ್ನು ಒಂದು ಕೂದಲಷ್ಟು ಬಲಕ್ಕೆ ವಾಲಿಸಿದ್ದೇನೆ,
ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಬೇಡ.

ಮತ್ತೆ ನೇತುಹಾಕಿದೆವು. ಸ್ಕೂಲು ಬಿಟ್ಟಿತು.
ಐದು ರೂಪಾಯಿ ಬಿಗಿಹಿಡಿದ ಹುಡುಗನೊಬ್ಬ
ಜಡೆಗಳನ್ನೆಲ್ಲ ದಾಟಿ ಬೆರಳು ಮಾಡಿದ:
"ಆ ಎತ್ತಿಂದು ಕೊಡಿ."
"ಅದು ಮಾರೋದಲ್ಲ ಕಣಪ್ಪ."
"ಒಳಗೇನೈತೆ?"

ಹೊನ್ನೇಶ ಲಾರಿಗೂ ಕೈ ಅಡ್ಡ ಹಿಡಿದು ರಸ್ತೆ ದಾಟಿದ,
ಫೋನು ಮುಂದೆ ಚಾಚಿ.
ಹನ್ನೊಂದನೇ ಜಲ್ಲೆಗೆ ಹೊರೆ ಕುಸಿಯಿತು.
ಎತ್ತು ಹುಡುಗನನ್ನು ನೋಡಿತು, ಹುಡುಗ ಎತ್ತನ್ನು.
"ಇನ್ನೊಂದ್ ಸಲ," ಅಂದ. ಕಾಸು ಕೈಯಲ್ಲೇ ಇತ್ತು.

ನಾನು ಅಂಗಡಿಗೆ ಮರಳಿದೆ.
ಹುಟ್ಟುಹಬ್ಬದವರು ಬಂದು ಕೂತಿದ್ದರು,
ನಲವತ್ತಮೂರು ಫೋಟೊ, ಬೆಳಗಿಗೆ ಬೇಕಂತೆ.
ಒಬ್ಬೊಬ್ಬರನ್ನೇ ಕತ್ತರಿಸಿ ಸಾಲಿಗೆ ಕೂರಿಸುತ್ತಿದ್ದೇನೆ.
ಎಲ್ಲರೂ ನೇರ ಮುಂದಕ್ಕೇ ನಗುತ್ತಿದ್ದಾರೆ,
ಒಬ್ಬನಾದರೂ ಹಿಂದೆ ತಿರುಗಿಲ್ಲ.