ಬೆಟ್ಟದ ಮೇಲೆ ಹೊಗೆ

ಶಿವರಾಂಪೇಟೆಯ ನಮ್ಮ ಅಂಗಡಿಯ ಬೋರ್ಡಿನಲ್ಲಿ
ಈಗ ಉಳಿದಿರುವುದು 'ದೃಷ್ಟಿ' ಅನ್ನುವಷ್ಟೇ;
ಮುಂದಿನ ಅಕ್ಷರಗಳನ್ನು ಬಿಸಿಲು ತಿಂದಿದೆ.

ಕನ್ನಡಕ ಬೇಕಾದವರು ಬಂದು, ಕೊಂಡು, ಹೋಗುತ್ತಾರೆ.
ಪುಟ್ಟಮಾದಯ್ಯ ಮೇಷ್ಟ್ರು ಮಾತ್ರ ಕೂರುತ್ತಿದ್ದರು.
ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ;
ಕೊನೆಯ ವರ್ಷ ಇಬ್ಬರೇ ವಿದ್ಯಾರ್ಥಿಗಳು,
ಅದರಲ್ಲೊಬ್ಬ ಹಾಸ್ಟೆಲ್ ಸೀಟಿಗಾಗಿ ಸೇರಿದವನು.

ಮೊದಲ ದಿನ ಪರೀಕ್ಷೆಯ ಫ್ರೇಮು ಮೂಗಿಗೇರಿಸಿ
ಒಂದೊಂದೇ ಗಾಜು ಇಳಿಸುತ್ತ ಕೇಳಿದ್ದೆ:
ಇದು ಚೆನ್ನಾಗಿದೆಯೋ, ಮೊದಲಿನದೋ?
ಮೇಷ್ಟ್ರು ನಕ್ಕರು. "ನಮ್ಮಲ್ಲೂ ಆರು ಗಾಜು ಇವೆಯಮ್ಮ,
ದರ್ಶನ ಅಂತಲೇ ಹೆಸರು.
ಯಾವುದು ಚೆನ್ನ ಅಂತ ಇಷ್ಟು ಶತಮಾನದಲ್ಲಿ
ಯಾರೂ ನಿನ್ನಷ್ಟು ಮೆಲ್ಲಗೆ ಕೇಳಿದ್ದಿಲ್ಲ."

ಅಪ್ಪ ಒಳಗೆ ಗಾಜು ಉಜ್ಜುತ್ತಿದ್ದ, ಕೆಮ್ಮುತ್ತ.
ಸಮುದ್ರದಾಚೆ ಒಬ್ಬನಿದ್ದನಂತೆ, ಇದೇ ಕಸುಬು.
ದೇವರೂ ಈ ಮೇಜೂ ಒಂದೇ ದ್ರವ್ಯ ಅಂದದ್ದಕ್ಕೆ
ಅವನ ಕುಲದವರೇ ಬಾಗಿಲು ಹಾಕಿಕೊಂಡರಂತೆ.
ಗಾಜಿನ ದೂಳು ಕುಡಿದು ಕುಡಿದು ಎದೆ ಸವೆದು
ನಲವತ್ತೈದು ತುಂಬುವ ಮೊದಲೇ ಹೋದನಂತೆ.
ಅಪ್ಪ ಚಕ್ರ ನಿಲ್ಲಿಸಿ ಕೇಳಿದ್ದು ಒಂದೇ:
"ಮೂತಿಗೆ ಬಟ್ಟೆ ಕಟ್ಕೊಳ್ತಿರಲಿಲ್ವಾ, ಪಾಪ?"

ಬಾಕಿ ಕೇಳಿದರೆ ಮೇಷ್ಟ್ರು ಚಾರ್ವಾಕರು.
ಇನ್ನೊಮ್ಮೆ ಕೇಳಿದರೆ ಬೌದ್ಧರು:
ಅಂದು ಕೊಂಡವನು ಇಂದಿನ ನಾನಲ್ಲ, ಕ್ಷಣಕ್ಷಣವೂ ಬೇರೆ.
"ಹಾಗಾದ್ರೆ ಬಿಚ್ಚಿ ಕೊಡಿ ಸಾರ್,
ಕೊಂಡವರು ಬಂದಾಗ ಕೊಡ್ತೀನಿ" ಅಂದೆ.
ಮರುದಿನ ಪೂರ್ತಿ ಹಣ ತಂದರು, ಹತ್ತರ ನೋಟುಗಳಲ್ಲಿ.

ಆಗ ಅಂಗಡಿಯ ಮೆಟ್ಟಿಲಿಂದ ಬೆಟ್ಟ ಕಾಣುತ್ತಿತ್ತು,
ಎದುರಿನ ಲಾಡ್ಜು ಮೂರನೇ ಮಹಡಿ ಏರುವ ತನಕ.
ಬೆಟ್ಟದ ಮೇಲೆ ಹೊಗೆ; ಆದ್ದರಿಂದ ಬೆಂಕಿ;
ಅಡುಗೆಮನೆಯಲ್ಲಿ ಕಂಡ ಹಾಗೆ.
ನೈಯಾಯಿಕರ ಈ ಹಳೆಯ ಮಾತನ್ನು
ಬೇರೆ ಊರಿನ ಮೇಷ್ಟ್ರು ಹಲಗೆಗೆ ಬರೆಯಬೇಕು,
ನನಗೆ ಕಿಟಕಿ ಸಾಕಿತ್ತು, ಅನ್ನುತ್ತಿದ್ದರು.

ಆ ಮಾಘದಲ್ಲಿ ದಿನಾ ಹೊಗೆ ಕಂಡರು.
ಬೆಳಿಗ್ಗೆ ಹೊಗೆ, ಸಂಜೆ ಹೊಗೆ,
ದೊಡ್ಡ ಗಡಿಯಾರದ ಮುಖದ ಮೇಲೆ,
ಬಸ್ಸಿನ ನಂಬರಿನ ಮೇಲೆ, ಮೊಮ್ಮಗಳ ಹಣೆಯ ಮೇಲೆ.
ಟಾರ್ಚು ಹಿಡಿದು ನೋಡಿದೆ. ಎರಡರಲ್ಲೂ ಪೊರೆ.
ಹೇಳಿದೆ.
ತುಂಬ ಹೊತ್ತು ಸುಮ್ಮನಿದ್ದು,
"ಮಾಯೆ ಅಂತ ನಲವತ್ತು ಪುಟ ನೋಟ್ಸು ಬರೆಸ್ತಿದ್ದೆ.
ಇಷ್ಟು ಹತ್ತಿರ ಇರುತ್ತೆ ಅಂತ ಗೊತ್ತಿರಲಿಲ್ಲ."

ಇನ್ನೊಬ್ಬನ ವಿಷಯವೂ ಅಂದೇ ಬಂತು:
ವಾಕಿಂಗಿನ ಹೊತ್ತು ತಪ್ಪಿಸದ ಜರ್ಮನಿಯ ಬ್ರಹ್ಮಚಾರಿ.
ವಸ್ತು ತನ್ನಷ್ಟಕ್ಕೆ ಹೇಗಿದೆಯೋ ಯಾರೂ ಕಾಣರು,
ಕಾಣುವುದೆಲ್ಲ ನಮ್ಮ ಗಾಜು ದಾಟಿ ಬಂದದ್ದು.
ಅವರಿಗೂ ಪೊರೆ ಬಂದಿತ್ತಾ, ಕೇಳಿದೆ.
"ಬಂದಿರಬೇಕು. ಬರದೆ ಹೀಗೆ ಬರೆಯೋಕಾಗಲ್ಲ."

ಶಿವರಾತ್ರಿ ಕಳೆದ ವಾರ, ಉರಿ ಮಧ್ಯಾಹ್ನ,
ಬೆಟ್ಟದ ಹುಲ್ಲಿಗೆ ಬೆಂಕಿ ಬಿತ್ತು.
ಬೀದಿಗೆ ಬೀದಿಯೇ ನಮ್ಮ ಮೆಟ್ಟಿಲ ಮೇಲೆ.
ಮೇಷ್ಟ್ರು ಒಳಗಿನ ಸ್ಟೂಲಿಂದ ಏಳಲಿಲ್ಲ.
"ನನ್ನ ಪೊರೆ ಅದು. ಶುಕ್ರವಾರ ಆಪರೇಷನ್."
"ಬೆಂಕಿ, ಸಾರ್."
"ಪೊರೆ."
"ಎಲ್ಲರೂ ಅಂತಿದಾರೆ."
"ಆಪ್ತರು ಅಂದರೆ ಪ್ರಮಾಣ. ಬೀದಿ ಅಂದರೆ ಗದ್ದಲ."

ಗಾಳಿ ಇತ್ತ ತಿರುಗಿತ್ತು.
ಕೌಂಟರಿನ ಗಾಜಿನ ಮೇಲೆ ಆಗಲೇ ಬೂದಿ,
ಸುಟ್ಟ ಬಾದೆಹುಲ್ಲಿನ ಕರಿ ಎಳೆಗಳು.
ಒಂದನ್ನು ಬೆರಳಿಗೆ ಹತ್ತಿಸಿ
ಅವರ ಅಂಗೈಗೆ ಒತ್ತಿದೆ.

ಉಜ್ಜಿದರು. ಮೂಸಿದರು.
ಅನುಮಾನಕ್ಕೆ ಐದು ಅವಯವ ಕಲಿಸಿದ ಬಾಯಿ
ಒಂದನ್ನೂ ಹೇಳಲಿಲ್ಲ.

"ಗೌಜಲಕ್ಕಿ ಗೂಡು ನೆಲದ ಮೇಲೇ ಇಡುತ್ತಲ್ಲಮ್ಮ," ಅಂದರು,
"ಇದು ಮೊಟ್ಟೆಯ ಕಾಲವೋ ಏನೋ,"
ಅಂದು, ಕನ್ನಡಕ ತೆಗೆದು,
ಒರೆಸದೆ ಹಾಗೇ ಹಿಡಿದುಕೊಂಡರು.