ತೆಳು ಹಳದಿ

ಜಿಲ್ಲೆಯ ನಕ್ಷೆಗೆ ಬಣ್ಣ ತುಂಬುವುದು
ಆ ವರ್ಷ ನನ್ನ ಕೆಲಸ.
ಹೊರಗುತ್ತಿಗೆ. ಪಿಎಫ್ ಕಳೆದು ಹನ್ನೊಂದು ಸಾವಿರ.
ಸಾವು ಹೆಚ್ಚಿದ್ದ ಹೋಬಳಿಗೆ ಕಡುಗೆಂಪು,
ಆಮೇಲೆ ಕೆಂಪು, ಕಿತ್ತಳೆ,
ಇಳಿಯುತ್ತ ಇಳಿಯುತ್ತ ತೆಳು ಹಳದಿ.

ಬಿ.ಎಂ. ರಸ್ತೆಯ ಆಚೀಚಿನ ಬಡಾವಣೆಗಳೆಲ್ಲ ಕೆಂಪು.
ಅಲ್ಲಿ ಸತ್ತವರಿಗೆ ಕಾಗದವಿತ್ತು:
ಸ್ಕ್ಯಾನಿನ ಅಂಕಿ, ಬೆಡ್ಡಿನ ನಂಬರು,
ಕೊನೆಯುಸಿರಿನ ಗಂಟೆ, ನಿಮಿಷ, ನೀಲಿ ಮೊಹರು.
ವಿಮೆಗೆ ಬೇಕು, ಬ್ಯಾಂಕಿಗೆ ಬೇಕು, ಖಾತೆ ಬದಲಾವಣೆಗೆ ಬೇಕು
ಎಂದು ಮಕ್ಕಳು ಮೂರನೇ ದಿನಕ್ಕೇ ಬಂದು ನಿಲ್ಲುತ್ತಿದ್ದರು,
ಎರಡೆರಡು ಮಾಸ್ಕಿನ ಮೇಲೆ ಕಣ್ಣೊರೆಸುತ್ತ.
ಅವರ ದುಃಖವನ್ನು ಹಗುರ ಮಾಡುತ್ತಿಲ್ಲ ನಾನು.
ಹೆಸರು ಟೈಪಿಸುವಾಗ ನನಗೂ ಕೈ ನಡುಗಿದೆ.

ನಮ್ಮೂರಿನ ಹೋಬಳಿ ಮಾತ್ರ ತೆಳು ಹಳದಿ.

ಸಭೆಯಲ್ಲಿ ಸಾಹೇಬರು ಅದರ ಮೇಲೇ
ಕೆಂಪು ಚುಕ್ಕಿ ಬಿಟ್ಟು ಆಡಿಸಿದರು.
"ನೋಡ್ರೀ, ಬಡವರೇ ಗಟ್ಟಿ.
ಮುದ್ದೆ, ಬಿಸಿಲು, ಮೈಮುರಿಯೋ ಕೆಲಸ.
ಸೋಂಕು ಹತ್ರ ಸುಳಿಯಲ್ಲ."
ಯಾರೋ ತಲೆದೂಗಿದರು. ಪೇಪರ್ ಲೋಟದಲ್ಲಿ ಕಾಫಿ ಬಂತು.

ಎದ್ದು ನಿಂತು ಹೇಳಬಹುದಿತ್ತು:

ಸಾರ್, ಮೇ ತಿಂಗಳು ಆಲೂಗಡ್ಡೆ ಬಿತ್ತನೆ.
ಮಂಡಿಯ ತಗಡಿನ ಸೂರಿನಡಿ
ಮಂಡಿಗೆ ಮಂಡಿ ತಾಗಿಸಿ ಕೂತು
ಮೂವತ್ತು ಹೆಂಗಸರು ಬೀಜದ ಗಡ್ಡೆ ಕೊಯ್ಯುತ್ತಾರೆ,
ಒಂದೊಂದು ಹೋಳಿಗೂ ಒಂದೊಂದು ಕಣ್ಣು ಉಳಿಯುವ ಹಾಗೆ.
ಗೂಡ್ಸ್ ಆಟೋದಲ್ಲಿ ನಿಂತು ಬಂದು ನಿಂತೇ ಹೋಗುತ್ತಾರೆ.
ಒಂದು ದಿನ ತಪ್ಪಿದರೆ ಆಳು ಬದಲು.
ನಮ್ಮ ದೊಡ್ಡಮ್ಮ ದ್ಯಾವೀರಮ್ಮ ಆರನೇ ದಿನ ಚಾಕು ಕೆಳಗಿಟ್ಟು
"ಯಾಕೋ ಗಾಳೀನೇ ಸಾಲ್ದು ಕಣವ್ವ" ಅಂದಳು.

ಆಕ್ಸಿಮೀಟರು ನಾಲ್ಕು ಊರಿಗೆ ಒಂದು.
ಆಶಾ ಹೊಂಬಾಳಮ್ಮ ಸೆರಗಿನ ಗಂಟಿನಿಂದ ಅದನ್ನು ಬಿಚ್ಚಿ ಸಿಕ್ಕಿಸಿದರೆ
ಮಣ್ಣು ಕಚ್ಚಿದ ಬೆರಳಿಗೆ ಎರಡು ಗೀಟು ತೋರಿಸಿತು, ಅಷ್ಟೇ.
"ಶೆಲ್ ಹೋಗಿರ್ಬೇಕು" ಅಂದಳು.
ಹೋಗಿದ್ದರೂ ಇರಬಹುದು.
ಆಂಬುಲೆನ್ಸಿನವನು ಕೇಳಿದ್ದು ಆರು ಸಾವಿರ.
ದೊಡ್ಡಮ್ಮನಿಗೆ ಬರಬೇಕಿದ್ದ ಕೂಲಿ ಸಾವಿರದ ಐನೂರು,
ಅದೂ ಶನಿವಾರಕ್ಕೆ.

ಪರೀಕ್ಷೆ ಮಾಡಿಸಿದರೆ ಕೇರಿಗೇ ತಗಡು ಬಡಿಯುತ್ತಾರೆ ಅಂತ
ಯಾರೂ ಮಾಡಿಸಲಿಲ್ಲ.
ಇಪ್ಪತ್ತೊಂದು ದಿನದೊಳಗೆ ಸಾವು ಬರೆಸಬೇಕಿತ್ತು, ಬಸ್ಸಿರಲಿಲ್ಲ.
ಆಮೇಲೆ ದಂಡ, ಆಮೇಲೆ ಅಫಿಡವಿಟ್ಟು,
ವರ್ಷ ಕಳೆದರೆ ಕೋರ್ಟು.
ಹೊಲವಿಲ್ಲ, ವಿಮೆಯಿಲ್ಲ,
ಅವಳ ಸಾವು ಯಾವ ಕೌಂಟರಿಗೂ ಬೇಕಿರಲಿಲ್ಲ.
ಪಡಿತರ ಚೀಟಿಯಲ್ಲಿ ಬದುಕೇ ಇದ್ದಳು;
ತಿಂಗಳಾ ತಿಂಗಳಾ ಬರುವ ಅವಳ ಐದು ಕೆಜಿ ಅಕ್ಕಿಯನ್ನು
ದೊಡ್ಡಪ್ಪ ಬೇರೆ ಡಬ್ಬದಲ್ಲಿ ಇಡುತ್ತಿದ್ದ,
ಸಾಲದಾದಾಗ ಮಾತ್ರ ತೆಗೆಯುತ್ತಿದ್ದ.

ಹೇಳಲಿಲ್ಲ. ಜೂನಿಗೆ ನನ್ನ ಗುತ್ತಿಗೆ ಮುಗಿಯುವುದಿತ್ತು.

ಸಂಜೆ ಎಲ್ಲರೂ ಹೋದ ಮೇಲೆ
ನಕ್ಷೆಯನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ.
ಊರು ಕಾಣಲಿಲ್ಲ, ಕೇರಿ ಕಾಣಲಿಲ್ಲ,
ಪರದೆ ತುಂಬ ಅದೊಂದೇ ಬಣ್ಣ,
ಆಗತಾನೆ ಕೊಯ್ದ ಆಲೂಗಡ್ಡೆಯದು.

ಕಣ್ಣು ಉಳಿಯದ ಹೋಳುಗಳನ್ನು ಆಳುಗಳೇ ಒಯ್ಯಬಹುದಿತ್ತು.
ದೊಡ್ಡಮ್ಮ ಸಾರಿಗೆಂದು ಮಡಿಲಲ್ಲಿ ತರುತ್ತಿದ್ದಳು.