ಎಡಗಡೆಯ ಮಡ್ಗಾರ್ಡು

ಪೊನ್ನಂಪೇಟೆಯ ಗದ್ದೆಯಲ್ಲಿ, ಕೊಯ್ದ ಕೂಳೆಯ ಮೇಲೆ
ಮೂರನೆಯ ತಿರುವಿಗೆ ನನ್ನ ಹಳೆಯ ಎಂಟುನೂರು
ಬದುವಿಗೆ ಗುದ್ದಿ ಎಡಗೆನ್ನೆ ಮುರಿದುಕೊಂಡಿತು.
ಬಲಗೆನ್ನೆಗೆ ಗೀರೂ ಇಲ್ಲ.

ಇದ್ದದ್ದರ ಅಚ್ಚು ತೆಗೆದರಾಯಿತು ಅಂದುಕೊಂಡೆ.
ಟೈಲರ್ ಸೂಪಿ ನಕ್ಕ: "ದೇಚಕ್ಕಾ,
ಬಟ್ಟೆಯಾದರೆ ಮಗುಚಿ ಹಾಕಿ ಕತ್ತರಿಸಬಹುದು,
ಬಲತೋಳು ಎಡತೋಳಾಗುತ್ತೆ. ಇದು ಹಾಗಲ್ಲ."
ಹಾಗೆಂದವನೇ ಸಿದ್ದಾಪುರದಿಂದ
ತನ್ನ ಎಂಟುನೂರರ ಎಡ ಮಡ್ಗಾರ್ಡು ಬಿಚ್ಚಿ,
ಹಳೆಯ ಲುಂಗಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತಂದುಕೊಟ್ಟ.
ಕತ್ತರಿ ಮಾತ್ರ ಕೊಡಲಿಲ್ಲ. ಗಾಜು ಕತ್ತರಿಸಿದ ಕತ್ತರಿ
ಆಮೇಲೆ ರೇಷ್ಮೆಯನ್ನು ಕಚ್ಚುತ್ತದಂತೆ.

ಕಾಫಿ ಗೋದಾಮಿನ ಮೂಲೆ. ಮೂಗಿಗೆ ಬಟ್ಟೆ.
ಜೇನುಮೇಣ ಸವರಿ, ಒರೆಸಿ, ಮತ್ತೆ ಸವರಿ
ಏಳು ಸಲ, ಅಂಟದಿರಲಿ ಎಂದು.
ಗಾಜಿನ ನಾರಿನ ಹಾಸು, ಅದರ ಮೇಲೆ ರೆಸಿನ್ನು,
ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ
ಗುಳ್ಳೆ ಓಡಿಸುವುದು.
ದನದ ಡಾಕ್ಟರರ ಸಿರಿಂಜಿನಲ್ಲಿ ಹಾರ್ಡ್‌ನರ್ ಎಳೆಯುವಾಗ
ಅತ್ತೆ ಬಾಗಿಲಲ್ಲಿ ನಿಂತು "ಹೆಪ್ಪು ಕಡಿಮೆಯಾಯಿತು" ಎಂದರು,
ಮೊಸರಿನ ಲೆಕ್ಕದಲ್ಲಿ.
ಸರಿಯಾಗೇ ಹೇಳಿದ್ದರು. ಡಿಸೆಂಬರಿನ ಚಳಿಗೆ
ರಾತ್ರಿಯೆಲ್ಲ ಅದು ಹಲಸಿನ ಮೇಣದ ಹಾಗೆ ಜಿಗುಟಾಗೇ ಇತ್ತು.
ಕೋಳಿಮರಿಗಳ ಬಲ್ಬು ಕಿತ್ತು ತಂದು ಮೇಲೆ ತೂಗಿಬಿಟ್ಟೆ.
ಮರಿಗಳು ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಬುಟ್ಟಿಯಲ್ಲಿ.

ಬಿಡಿಸಿದ ದಿನ ಅಚ್ಚಿನೊಳಗೆ ಒಂದು ಉಬ್ಬು.
ಬೆರಳಿಟ್ಟು ನೋಡಿದೆ: ಹೆಬ್ಬೆಟ್ಟಿನಷ್ಟು.
ಸೂಪಿಯ ತಗಡಿನಲ್ಲಿ, ದೀಪದ ಹಿಂದೆ, ಕುಳಿಯಿತ್ತು;
ಧೂಳಿನಡಿ ನಾನು ಕಂಡಿರಲಿಲ್ಲ.
ಅಚ್ಚು ಕಂಡಿತ್ತು.
ಅಚ್ಚಿನಿಂದೆತ್ತಿದ ಹೊಸ ಮಡ್ಗಾರ್ಡಿನಲ್ಲೂ ಅದೇ ಕುಳಿ,
ಮೂಲಕ್ಕಿಂತ ನುಣುಪಾಗಿ.

ಫೋನು ಮಾಡಿದೆ. ಹೊಲಿಗೆ ಮಿಷನ್ನಿನ ಸದ್ದು ನಿಂತಿತು.
"ಅದಾ? ವಿರಾಜಪೇಟೆ ಆಸ್ಪತ್ರೆಯ ಗೇಟು.
ಹಿಂದಿನ ಸೀಟಲ್ಲಿ ಆಯಿಷು ಕಿರುಚುತ್ತಿದ್ದಳು,
ನಾನು ಬ್ರೇಕೆಂದು ಇನ್ನೇನನ್ನೋ ತುಳಿದೆ.
ಹುಡುಗನೀಗ ಎಂಟನೇ ಕ್ಲಾಸು.
ನೀವು ಪುಟ್ಟಿ ತುಂಬಿಸಿಬಿಡಿ, ನಿಮ್ಮದಲ್ಲವಲ್ಲ."
ಮಿಷನ್ನು ಮತ್ತೆ ಓಡಿತು.

ತುಂಬಿಸಿದೆ. ಉಜ್ಜಿದೆ. ಮೊಣಕೈವರೆಗೆ ಗಾಜಿನ ತುರಿಕೆ,
ತಣ್ಣೀರು, ಕೊಬ್ಬರಿ ಎಣ್ಣೆ, ಯಾವುದಕ್ಕೂ ಬಗ್ಗದ್ದು.
ಕೆಂಪು ಬಣ್ಣ ಹೊಡೆದ ಮೇಲೆ
ಎಡಗೆನ್ನೆ ಬಲಕ್ಕಿಂತ ಚೆಂದ.

ಅಚ್ಚನ್ನು ಉಜ್ಜಲಿಲ್ಲ.
ಅಟ್ಟದ ಮೇಲೆ ಬೋರಲು ಮಲಗಿದೆ, ಸೂಪಿಯ ಲುಂಗಿ ಹೊದ್ದು.
ಮುಂದಿನ ವರ್ಷವೂ ಗದ್ದೆಯಿದೆ, ಮೂರನೆಯ ತಿರುವಿದೆ,
ಬ್ರೇಕಿನ ಮೇಲೆ ನನ್ನ ಕಾಲು
ಎಂದೂ ಹೊತ್ತಿಗೆ ಸರಿಯಾಗಿ ಹೋದದ್ದಲ್ಲ.